ಘಟಿಕೆ, ತಿಥಿ ಮತ್ತು ಶಾಸನಗಳ ಕಾಲನಿರ್ಣಯ

ಶಾಸನಗಳ ತೇದಿಯನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವಾಗ, ಶಾಸನೋಕ್ತ ವಾರಕ್ಕೂ ಗಣನೆಯಿಂದ ದೊರೆತ ವಾರಕ್ಕೂ ಒಂದು ದಿನದ ಅಂತರ ಕಂಡುಬರುವುದುಂಟು. ಅಂತಹ ಶಾಸನವನ್ನು ಕೂಟಶಾಸನವೆಂದು ತಳ್ಳಿಹಾಕುವುದಕ್ಕೆ ಮೊದಲು, ಅದನ್ನು ಬರೆಯಿಸಿದವರು ದಿನವನ್ನು ಹೇಗೆ ಎಣಿಸುತ್ತಿದ್ದರೆಂಬುದನ್ನು ನಾವು ವಿಚಾರಿಸಬೇಕಾಗುತ್ತದೆ.

ಪಂಚಾಂಗದ ವಾರವು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗಿನದು. ಈ ಅವಧಿಗೆ ೬೦ ಘಟಿಕೆಗಳು. ಘಟಿಕೆಯೆಂದರೆ ಇಂದಿನ ೨೪ ನಿಮಿಷ. ಘಟಿಕೆಗೆ ೬೦ ವಿಘಟಿಕೆ, ವಿಘಟಿಕೆಗೆ ೬ ಪ್ರಾಣ. ಎರಡು ಘಟಿಕೆಗಳು ಒಂದು ಮುಹೂರ್ತ; ಏಳೂವರೆ ಘಟಿಕೆಗಳು ಒಂದು ಜಾವ. ಅಳತೆಗೆ ಗಳಿಗೆಬಟ್ಟಲೇ ಸಾಧನ. ತಳದಲ್ಲಿ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ ಅದು ಅಹೋರಾತ್ರಿಯಲ್ಲಿ ೬೦ ಬಾರಿ ಮುಳುಗಬೇಕೆಂಬುದು ಸೂರ್ಯಸಿದ್ಧಾಂತದ ವಿಧಿ.

ಈಗ ಒಂದು ಚಂದ್ರಗ್ರಹಣವು ನಮ್ಮ ಗಡಿಯಾರದಂತೆ ಮಂಗಳವಾರ ಬೆಳಗಿನ ಜಾವ ಎರಡು ಗಂಟೆಗೆ ಸಂಭವಿಸಿತೆಂದು ಭಾವಿಸೋಣ. ಸೂರ್ಯೋದಯವು ಆರು ಗಂಟೆಗಾದರೆ ಅದು ಸೋಮವಾರದ ೫೦ನೆಯ ಘಟಿಕೆ. ಆ ಹೊತ್ತಿನಲ್ಲಿ ಧಾರೆಯೆರೆದ ದಾನವನ್ನು ಶಾಸನವು ಸೋಮವಾರದ್ದೆಂದೇ ಹೇಳುತ್ತದೆ. ದೋಷವು ಶಾಸನದಲ್ಲಿಲ್ಲ, ನಡುರಾತ್ರಿಯಿಂದ ದಿನವನ್ನೆಣಿಸುವ ನಮ್ಮ ರೂಢಿಯನ್ನು ಅದರ ಮೇಲೆ ಹೇರುವುದರಲ್ಲಿದೆ.

ತಿಥಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಸೂರ್ಯಚಂದ್ರರ ಅಂತರವು ೧೨ ಅಂಶ ಬೆಳೆಯುವ ಕಾಲವೇ ತಿಥಿ. ಸಿದ್ಧಾಂತಗಣನೆಯಲ್ಲಿ ಅದು ಸುಮಾರು ೫೪ರಿಂದ ೬೫ ಘಟಿಕೆಗಳವರೆಗೆ ವ್ಯತ್ಯಾಸಗೊಳ್ಳುತ್ತದೆ. ಸಾಮಾನ್ಯವಾಗಿ ಸೂರ್ಯೋದಯದಲ್ಲಿರುವ ತಿಥಿಯೇ ದಿನದ ಹೆಸರಾದರೂ, ವ್ರತಗಳಿಗೆ ಕರ್ಮಕಾಲವೇ ಪ್ರಧಾನ. ಗಣೇಶ ಚತುರ್ಥಿಗೆ ಮಧ್ಯಾಹ್ನದ ತಿಥಿಯನ್ನೂ ಶಿವರಾತ್ರಿಗೆ ನಿಶೀಥದ ತಿಥಿಯನ್ನೂ ನೋಡುವರು. ಆದುದರಿಂದ ಸೂರ್ಯೋದಯಕ್ಕೆ ತ್ರಯೋದಶಿಯಿದ್ದ ವಾರವನ್ನೇ ಶಿವರಾತ್ರಿಯ ದಾನಶಾಸನವು ಚತುರ್ದಶಿಯೊಡನೆ ಹೇಳಬಹುದು.

ಇಂತಹ ಪರಿಶೀಲನೆಗೆ ೧೮೯೬ರಲ್ಲಿ ಪ್ರಕಟವಾದ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ ಗ್ರಂಥವೂ, ೧೯೨೨ರ ಸ್ವಾಮಿಕಣ್ಣು ಪಿಳ್ಳೆಯವರ 'ಇಂಡಿಯನ್ ಎಫಿಮೆರಿಸ್' ಕೋಷ್ಟಕಗಳೂ ಆಧಾರವಾಗಿವೆ. ಆದರೆ ತಿಥ್ಯಂತವು ಸೂರ್ಯೋದಯಕ್ಕೆ ಸಮೀಪವಿದ್ದಲ್ಲಿ ಸ್ಥಳಭೇದವನ್ನೂ ಗಣಿಸಬೇಕು. ಒಂದು ರೇಖಾಂಶದ ವ್ಯತ್ಯಾಸಕ್ಕೆ ೧೦ ವಿಘಟಿಕೆಗಳು ಸಲ್ಲುತ್ತವೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನದಂತೆ (ಶಕ ೫೦೦, ಕ್ರಿ.ಶ. ೫೭೮) ಕಾರ್ತಿಕ ಪೌರ್ಣಮಿಯನ್ನು ಹೇಳಿ ವಾರವನ್ನು ಹೇಳದಿರುವಲ್ಲಿ ಈ ಪರೀಕ್ಷೆಗೆ ಅವಕಾಶವೇ ಇಲ್ಲ.

ಹೀಗೆಂದು ಎಲ್ಲ ವ್ಯತ್ಯಾಸಗಳನ್ನೂ ಸೂರ್ಯೋದಯದ ನೆಪದಲ್ಲಿ ಸರಿಪಡಿಸಹೊರಡುವುದು ಯುಕ್ತವಲ್ಲ. ಒಂದು ದಿನದ ರಿಯಾಯಿತಿಯನ್ನು ನಿರ್ಬಂಧವಿಲ್ಲದೆ ಕೊಟ್ಟರೆ ಕೃತಕ ತೇದಿಯೂ ಸಾಧುವಾಗಿಬಿಡುತ್ತದೆ. ಗ್ರಹಣ, ವ್ರತ ಅಥವಾ ಹೊತ್ತಿನ ಉಲ್ಲೇಖ ಶಾಸನದಲ್ಲಿಯೇ ಇದ್ದಾಗ ಮಾತ್ರ ಆ ರಿಯಾಯಿತಿ ಸಲ್ಲತಕ್ಕದ್ದು. ಲಿಪಿ, ಭಾಷೆ, ರಾಜವಂಶಾವಳಿಗಳ ಸಾಕ್ಷ್ಯದೊಡನೆ ಅದನ್ನು ತೂಗಿನೋಡಿದ ಬಳಿಕವೇ ತೀರ್ಮಾನಕ್ಕೆ ಬರುವುದು ಉಚಿತವೆಂದು ನಾವು ಭಾವಿಸುತ್ತೇವೆ.