ಅಂಕಿತವಿಲ್ಲದ ಮಾತು

ಬಸವಕಲ್ಯಾಣಕ್ಕೆ ಹೋದ ಯಾತ್ರಿಕರು ಕೋಟೆಯನ್ನೂ ತ್ರಿಪುರಾಂತ ಕೆರೆಯನ್ನೂ ನೋಡಿ, ಬಸವಣ್ಣನವರ ಕಾಲದ ಗುರುತು ಇನ್ನೇನಿದೆಯೆಂದು ವಿಚಾರಿಸುವುದುಂಟು. ಆ ಗುರುತು ಬಹುಪಾಲು ಉಳಿದುಬಂದದ್ದು ವಚನಗಳ ಓಲೆಗರಿಗಳಲ್ಲಿ. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಹೋಗುವ ಮಾತು ಯಾರದೆಂಬುದು ಬೇಗ ಮರೆತುಹೋಗುತ್ತದೆ. ಶರಣರು ವಚನಕ್ಕೆ ಅಂಕಿತವಿಟ್ಟದ್ದರಿಂದ ಈ ಅಪಾಯ ಬಹುಮಟ್ಟಿಗೆ ತಪ್ಪಿತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚಾಗಿ ತಂದಾಗ, ಹಿಂದಕ್ಕೆ ಸುರಿದು ಬನ್ನಿರೆಂದವಳು ಅವನ ಹೆಂಡತಿ ಲಕ್ಕಮ್ಮ. ಗಂಡನ ಅಂಕಿತ ‘ಅಮರೇಶ್ವರಲಿಂಗ’, ಹೆಂಡತಿಯದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಒಂದೇ ಒಲೆಯ ಮುಂದಿನ ಎರಡು ದನಿಗಳು ಎಂಟುನೂರು ವರ್ಷಗಳ ಮೇಲೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದ. ಅವನ ತರುವಾಯ ಮೂವರು ಅದನ್ನು ತಿದ್ದಿ ಬೆಳೆಸಿದರು. ನಡುವಿನ ಗದ್ಯ ಜೋಡಿಸಿದವರದು, ಪ್ರಸಂಗದ ಕಟ್ಟಡವೂ ಅವರದೇ. ಆದರೂ ಅಂಕಿತವನ್ನು ಅಳಿಸದೆ ಬಿಟ್ಟುದರಿಂದ, ಶರಣರ ಮಾತು ಯಾವುದು, ಸಂಪಾದಕರ ಮಾತು ಯಾವುದು ಎಂದು ಇಂದಿನ ವಿದ್ವಾಂಸರು ವಿಂಗಡಿಸಬಲ್ಲರು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಊರೂರು ತಿರುಗಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದಾಗಲೂ ಇದೇ ಅಂಕಿತ ಅವರ ಕೈಹಿಡಿಯಿತು. ಅಂಕಿತದ ಮಾತು ನ್ಯಾಯಾಲಯದವರೆಗೂ ಹೋದದ್ದುಂಟು. ಮಾತೆ ಮಹಾದೇವಿಯವರು ಬಸವಣ್ಣನವರ ‘ಕೂಡಲಸಂಗಮದೇವ’ವನ್ನು ‘ಲಿಂಗದೇವ’ವೆಂದು ಬದಲಿಸಿ ವಚನಗಳನ್ನು ಪ್ರಕಟಿಸಿದರು, 1998ರಲ್ಲಿ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು.

ಈ ಹಳೆಯ ಕಥೆಯನ್ನು ಈಗ ಎತ್ತಲು ಕಾರಣವುಂಟು. ಜನರನ್ನು ಕಂಡು, ಅವರ ಬಾಯಿಂದಲೇ ಕೇಳಿ, ಅರ್ಥವನ್ನು ಹುಡುಕುವುದಕ್ಕೆ ಗುಣಾತ್ಮಕ ಸಂಶೋಧನೆಯೆಂದು ಹೆಸರು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಂದಿನಿಂದ ಈ ಕೆಲಸದಲ್ಲಿ ಕೃತಕ ಬುದ್ಧಿಯ ಯಂತ್ರವೂ ಪಾಲುಗಾರನಾಗಿದೆ. ಗಂಟೆಗಟ್ಟಲೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸುವುದು, ಹೋಲುವ ಮಾತುಗಳನ್ನು ಒಟ್ಟುಗೂಡಿಸುವುದು, ಸಾರಾಂಶ ಬರೆಯುವುದು ಅದಕ್ಕೆ ಕ್ಷಣದ ಕೆಲಸ. ಒಬ್ಬಂಟಿಯಾಗಿ ದುಡಿಯುವ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಯಂತ್ರ ಕಲಿತಿರುವುದು ಅಪಾರ ಬರಹದಲ್ಲಿ ಯಾವ ಪದದ ಹಿಂದೆ ಯಾವ ಪದ ಬರುವುದು ವಾಡಿಕೆಯೆಂಬುದನ್ನು. ಹಾಗಾಗಿ ಯಾರೂ ಆಡದ ವಚನವನ್ನು ಹೊಸೆದು, ಕೊನೆಗೆ ಅಂಕಿತವನ್ನೂ ಅಂಟಿಸಿಬಿಡಬಲ್ಲದು!

ಬಸವಕಲ್ಯಾಣದ ನೆರೆಯ ಹುಮನಾಬಾದನ್ನೇ ತೆಗೆದುಕೊಳ್ಳಿ. ಕನ್ನಡ, ಮರಾಠಿ, ಉರ್ದು ಭಾಷೆಗಳಲ್ಲಿ ಪದ ಕಟ್ಟಿದ ಮಾಣಿಕಪ್ರಭುಗಳು (1817–1865) ನೆಲೆಸಿದ ಮಾಣಿಕನಗರ ಇರುವುದು ಅಲ್ಲಿಯೇ. ಇಂದಿಗೂ ಅಲ್ಲಿನ ಮಾತು ಹಲವು ಭಾಷೆಗಳ ಕೂಡಲು. ‘ಭಾಳ ತಕಲೀಫ್ ಆಗ್ಯಾದ’ ಎಂದುದನ್ನು ಯಂತ್ರ ‘ಬಹಳ ತೊಂದರೆಯಾಗಿದೆ’ ಎಂದು ಬರೆದುಕೊಂಡರೆ ಅರ್ಥ ಉಳಿದೀತು, ಆಡಿದವರ ಮುಖ ಮರೆಯಾಗುತ್ತದೆ. ಇದಾದರೂ ಸಣ್ಣದು.

ಎಂಬತ್ತು ದಾಟಿದ ಹಿರಿಯರನ್ನು 1948ರ ವಿಷಯ ಕೇಳಿದರೆನ್ನಿ. ಒಂದು ಮನೆಯಲ್ಲಿ ಅದು ‘ರಜಾಕಾರರ ಹಾವಳಿ’ಯ ವರ್ಷ, ಅದೇ ಬೀದಿಯ ಇನ್ನೊಂದು ಮನೆಯಲ್ಲಿ ‘ಪೊಲೀಸ್ ಆಕ್ಷನ್’ ವರ್ಷ. ಎರಡೂ ಮನೆಗಳಲ್ಲಿ ಸತ್ತವರುಂಟು. ಅಂದು ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ತಂಡವು 1948ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಸಂಸ್ಥಾನವನ್ನು ಸುತ್ತಿ, ಹೆಚ್ಚು ಹಾನಿಗೊಂಡ ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾಗಳನ್ನೂ ಎಣಿಸಿತು. ಆ ವರದಿ ಹಲವು ದಶಕಗಳ ಕಾಲ ಪ್ರಕಟವಾಗಲಿಲ್ಲ. ಅಚ್ಚಾದದ್ದರ ಬಲದಿಂದ ಕಲಿತ ಯಂತ್ರಕ್ಕೆ ಅಚ್ಚಾಗದ ನೆನಪಿನ ತೂಕ ತಿಳಿಯುವುದೆಂತು? ಇಪ್ಪತ್ತು ಸಂದರ್ಶನಗಳನ್ನು ಒಪ್ಪಿಸಿದರೆ ‘ವಿಮೋಚನೆಯ ನೆನಪುಗಳು’ ಎಂಬ ಒಂದೇ ತಲೆಬರಹದಡಿ ಎರಡೂ ಮನೆಗಳ ಮಾತನ್ನು ನಯವಾಗಿ ಹೊಂದಿಸಿ ಕೊಟ್ಟೀತು. ಓದಲು ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದೇ ಅಲ್ಲಿ.

ಆದುದರಿಂದ ಸಾರಾಂಶದ ಪ್ರತಿ ಸಾಲಿನ ಮಗ್ಗುಲಲ್ಲಿ ಯಾವ ಧ್ವನಿಮುದ್ರಣ, ಎಷ್ಟನೆಯ ನಿಮಿಷ ಎಂಬುದನ್ನು ಬರೆಯಲೇಬೇಕು. ಹೇಳಿದವರ ಹೆಸರನ್ನು ಮರೆಮಾಡಿದರೂ ಈ ಗುರುತು ಇರಬೇಕು. ಮೂಲ ಧ್ವನಿಯನ್ನು ಕಾದಿಟ್ಟು ಸಂಶೋಧಕರೇ ಮತ್ತೊಮ್ಮೆ ಕೂತು ಕೇಳಬೇಕು. ‘ನಿಮ್ಮ ಮಾತನ್ನು ದೂರದ ಯಂತ್ರಕ್ಕೆ ಕೊಡಲೇ?’ ಎಂದು ಮೊದಲೇ ಕೇಳಬೇಕು, ಬೇಡವೆಂದರೆ ಬಿಡಬೇಕು. ಕೆಲವರು ಆ ವರ್ಷದ ಮಾತು ಬಂದೊಡನೆ ಸುಮ್ಮನಾಗಿ, ಚಹಾ ತರಿಸುತ್ತಾರೆ. ಆ ಮೌನವನ್ನೂ ನಿಮಿಷದ ಲೆಕ್ಕದಲ್ಲಿ ಬರೆದಿಡಬೇಕಾಗುತ್ತದೆ.