ಆಫೀಸ್ ಎ.ಸಿ. ಗಂಡಸರ ಲೆಕ್ಕಕ್ಕೆ ಸೆಟ್ ಆಗಿದೆಯೇ? ಅರ್ಧ ನಿಜ, ಅರ್ಧ ತಪ್ಪು

"ಪ್ರಪಂಚದ ಎಲ್ಲಾ ಆಫೀಸ್‌ಗಳ ಎ.ಸಿ.ಯನ್ನು 40 ವರ್ಷದ, 70 ಕೆ.ಜಿ. ತೂಕದ ಗಂಡಸಿಗೆ ಹೊಂದುವಂತೆ ಇಡಲಾಗಿದೆ. ಅದಕ್ಕೇ ಹೆಂಗಸರು ಆಫೀಸ್‌ನಲ್ಲಿ ನಡುಗುತ್ತಾರೆ." ಇಂಥ ಒಕ್ಕಣೆಯ ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬೇಸಿಗೆಯಲ್ಲೂ ಬ್ಯಾಗಿನಲ್ಲಿ ಸ್ವೆಟರ್ ಇಟ್ಟುಕೊಂಡು ಕೆಲಸಕ್ಕೆ ಹೋಗುವವರಿಗೆ ಇದು ತಕ್ಷಣ ಹೌದು ಅನ್ನಿಸುತ್ತದೆ. ಆದರೆ ಇದರಲ್ಲಿ ನಿಜ ಎಷ್ಟು, ಸೇರಿಕೊಂಡಿದ್ದು ಎಷ್ಟು ಎಂದು ನೋಡೋಣ.

ಈ ಮಾತಿನ ಮೂಲ 2015ರ ಒಂದು ಸಂಶೋಧನಾ ಲೇಖನ. ನೆದರ್‌ಲ್ಯಾಂಡ್ಸ್‌ನ ಇಬ್ಬರು ವಿಜ್ಞಾನಿಗಳು ಅದನ್ನು 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮ್ಮನೆ ಕುಳಿತಿದ್ದರೂ ನಮ್ಮ ದೇಹ ಶಾಖ ಉತ್ಪಾದಿಸುತ್ತಿರುತ್ತದೆ. ಕಟ್ಟಡಗಳ ತಾಪಮಾನ ಲೆಕ್ಕ ಹಾಕುವ ಸೂತ್ರದಲ್ಲಿ ಈ ಶಾಖಕ್ಕೆ ಬಳಸುವ ಅಂಕಿ ಸರಾಸರಿ ಗಂಡಸಿನದು, ಹೆಂಗಸರ ವಿಷಯದಲ್ಲಿ ಅದು ಶೇ. 35ರವರೆಗೂ ಹೆಚ್ಚಾಗಿಬಿಡಬಹುದು ಎಂಬುದು ಅವರ ವಾದ. ಅವರು ಅಳತೆ ಮಾಡಿದ್ದು 16 ಯುವತಿಯರನ್ನು ಮಾತ್ರ. ಸಣ್ಣ ಅಧ್ಯಯನವಾದರೂ ಪ್ರಶ್ನೆ ಸರಿಯಾದದ್ದೇ. ಫಾರ್ವರ್ಡ್‌ನ ನಿಜವಾದ ಅರ್ಧ ಇದು.

ಸೂತ್ರ ಹುಟ್ಟಿದ್ದು ವಿದ್ಯಾರ್ಥಿಗಳಿಂದ

ಇನ್ನರ್ಧಕ್ಕೆ 1960ರ ದಶಕದ ಅಮೆರಿಕಕ್ಕೆ ಹೋಗಬೇಕು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗ ಕೋಣೆಯೊಂದರಲ್ಲಿ 720 ಕಾಲೇಜು ವಿದ್ಯಾರ್ಥಿಗಳನ್ನು ತಂಡ ತಂಡವಾಗಿ ಮೂರು ಗಂಟೆ ಕೂರಿಸಲಾಯಿತು. ಎಲ್ಲರಿಗೂ ಒಂದೇ ಬಗೆಯ ಹತ್ತಿ ಅಂಗಿ, ಪ್ಯಾಂಟು. 'ತುಂಬಾ ಚಳಿ'ಯಿಂದ 'ತುಂಬಾ ಸೆಕೆ'ವರೆಗೆ ಏಳು ಮೆಟ್ಟಿಲಿನ ಅಳತೆಯಲ್ಲಿ ಅವರು ತಮಗೆ ಅನ್ನಿಸಿದ್ದನ್ನು ಗುರುತು ಹಾಕುತ್ತಿದ್ದರು. ಇವರಲ್ಲಿ ಅರ್ಧ ಹುಡುಗರು, ಅರ್ಧ ಹುಡುಗಿಯರು. ಫಾರ್ವರ್ಡ್ ಬಿಟ್ಟುಬಿಟ್ಟ ವಿಷಯ ಇದೇ.

ಡೆನ್ಮಾರ್ಕ್‌ನ ಪೌಲ್ ಓಲೆ ಫ್ಯಾಂಗರ್ ಆ ಸಮಯದಲ್ಲಿ ಇದೇ ವಿಶ್ವವಿದ್ಯಾಲಯಕ್ಕೆ ಬಂದು ಕೆಲಸ ಮಾಡಿದರು. ಊರಿಗೆ ಮರಳಿದ ಮೇಲೆ ಡೇನಿಶ್ ವಿದ್ಯಾರ್ಥಿಗಳ ಮೇಲೂ, ವಯಸ್ಸಾದವರ ಮೇಲೂ ಅಂಥದೇ ಪರೀಕ್ಷೆ ನಡೆಸಿದರು. ದೇಶ ಬದಲಾದರೆ ಹಿತವೂ ಬದಲಾಗುತ್ತದೆಯೇ ಎಂಬುದು ಅವರ ಕುತೂಹಲ. ಹಗುರ ಬಟ್ಟೆ ಹಾಕಿ ಸುಮ್ಮನೆ ಕುಳಿತವರಿಗೆ ಹಿತವಾದ ತಾಪಮಾನ ಅಲ್ಲೂ ಇಲ್ಲೂ 25-26 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಬಂತು! ಒಂದೇ ಬಟ್ಟೆ ತೊಟ್ಟಾಗ ಗಂಡು-ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಕಾಣಲಿಲ್ಲ. 1970ರಲ್ಲಿ ಬಂದ ಅವರ ಪುಸ್ತಕವೇ ಇಂದಿನ ಅಂತರರಾಷ್ಟ್ರೀಯ ಮಾನದಂಡಗಳಿಗೆ ತಳಪಾಯ.

ಅಂದರೆ ಹಗುರ ಬಟ್ಟೆಯವರಿಗೆ ಸೂತ್ರ ಹೇಳಿದ್ದು 25ರ ಮೇಲೆ. ನಿಮ್ಮ ಆಫೀಸ್‌ನಲ್ಲಿ 21 ಇದ್ದರೆ ಆ ತಪ್ಪನ್ನು ಪೂರ್ತಿ ಸೂತ್ರದ ತಲೆಗೆ ಕಟ್ಟುವಂತಿಲ್ಲ.

ಹಾಗಾದರೆ ಅಷ್ಟೊಂದು ಚಳಿ ಯಾಕೆ?

ಫ್ಯಾಂಗರ್ ಲೆಕ್ಕದಲ್ಲಿ ಗಾಳಿಯ ತಾಪಮಾನ ಆರರಲ್ಲಿ ಒಂದು ಅಂಶ ಅಷ್ಟೇ. ಸುತ್ತಲಿನ ಗೋಡೆ-ಗಾಜಿನ ಬಿಸಿ, ಗಾಳಿಯ ವೇಗ, ತೇವಾಂಶ, ಬಟ್ಟೆ, ನೀವು ಮಾಡುತ್ತಿರುವ ಕೆಲಸ ಉಳಿದ ಐದು. ಪಶ್ಚಿಮದ ಬಿಸಿಲು ಬೀಳುವ ಗಾಜಿನ ಪಕ್ಕ ಕೂತವರು ಬೆವರುತ್ತಾರೆ. ಅದೇ ಹಾಲ್‌ನಲ್ಲಿ ಎ.ಸಿ. ಗಾಳಿ ನೇರ ಕುತ್ತಿಗೆಗೆ ಬಡಿಯುವ ಸೀಟಿನವರು ನಡುಗುತ್ತಾರೆ. ರಿಮೋಟ್ ತೋರಿಸುವ ಸಂಖ್ಯೆ ಇಬ್ಬರಿಗೂ ಒಂದೇ. ಜೊತೆಗೆ, ಎ.ಸಿ.ಯ ಸಾಮರ್ಥ್ಯವನ್ನು ಹಾಲ್ ಪೂರ್ತಿ ತುಂಬಿದಾಗಿನ, ಅತಿ ಬಿಸಿಯ ದಿನಕ್ಕೆ ಲೆಕ್ಕ ಹಾಕಿರುತ್ತಾರೆ. ಅರ್ಧ ಕುರ್ಚಿ ಖಾಲಿ ಇರುವ ದಿನ ಅದನ್ನು ಸರಿಯಾಗಿ ತಗ್ಗಿಸದಿದ್ದರೆ ಚಳಿ ಖಚಿತ.

ಬಟ್ಟೆಯದು ದೊಡ್ಡ ಪಾತ್ರ. ಆ ವಿದ್ಯಾರ್ಥಿಗಳ ಹತ್ತಿ ಬಟ್ಟೆಗಿಂತ ಕೋಟು-ಟೈ ಸಹಿತ ಸೂಟು ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೆಚ್ಚಗೆ. ಕೋಟು ಹಾಕಿದ ಮ್ಯಾನೇಜರ್ ಕೈಯಲ್ಲಿ ರಿಮೋಟ್ ಇದ್ದರೆ, ತೆಳು ಕುರ್ತಾ ತೊಟ್ಟವರ ಗತಿ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಗಂಡು-ಹೆಣ್ಣಿನ ವ್ಯತ್ಯಾಸದ ದೊಡ್ಡ ಪಾಲು ಇಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ. ಹಿತದ ಮಟ್ಟದಿಂದ ತಾಪಮಾನ ಕೆಳಗಿಳಿದಾಗ ಅದರ ತೊಂದರೆ ಹೆಂಗಸರಿಗೇ ಹೆಚ್ಚು ತಟ್ಟುತ್ತದೆ ಎಂದು ನಂತರದ ಅಧ್ಯಯನಗಳೂ ಹೇಳಿವೆ. ಹಾಗಾಗಿ ಅವರ ದೂರು ನಾಜೂಕುತನ ಅಲ್ಲ.

ಬೆಂಗಳೂರಿನ ಉತ್ತರ

ಅಮೆರಿಕ-ಡೆನ್ಮಾರ್ಕ್‌ನ ಲೆಕ್ಕ ನಮಗೆ ಹೊಂದುತ್ತದೆಯೇ? ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ತಂಡ ಬೆಂಗಳೂರು, ಚೆನ್ನೈ, ದೆಹಲಿ, ಅಹಮದಾಬಾದ್, ಶಿಮ್ಲಾಗಳ 16 ಆಫೀಸ್ ಕಟ್ಟಡಗಳಲ್ಲಿ 6,000ಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿತು. 'ಇಷ್ಟು ಸೆಕೆ ಅನ್ನಿಸಬೇಕು' ಎಂದು ಫ್ಯಾಂಗರ್ ಸೂತ್ರ ಹೇಳಿದ್ದಕ್ಕಿಂತ ಇಲ್ಲಿನವರಿಗೆ ಕಡಿಮೆ ಸೆಕೆ ಅನ್ನಿಸಿತ್ತು. ಹೊರಗಿನ ಹವೆಗೆ ತಕ್ಕಂತೆ ನಮ್ಮ ಹಿತವೂ ಬದಲಾಗುತ್ತದೆ, ಕಿಟಕಿ ತೆರೆಯಬಹುದಾದ ಕಟ್ಟಡಗಳಲ್ಲಿ ಇನ್ನೂ ಹೆಚ್ಚು. ಎಂದರೆ ಭಾರತದ ಆಫೀಸ್‌ಗಳಿಗೆ ಅಷ್ಟು ತಂಪು ಬೇಕಾಗಿಯೇ ಇಲ್ಲ.

ಸರ್ಕಾರದ 24 ಡಿಗ್ರಿ ನಿಯಮದ ಬಗ್ಗೆಯೂ ಗೊಂದಲವಿದೆ. 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರುವ ರೂಮ್ ಎ.ಸಿ.ಗಳು 24ಕ್ಕೆ ಸೆಟ್ ಆಗಿಯೇ ಬರಬೇಕು ಎಂಬುದು ಅದು. ಅದನ್ನು ಬದಲಿಸಬಾರದು ಎಂದಲ್ಲ, ಬೇಕಾದಂತೆ ಏರಿಸಿ ಇಳಿಸಬಹುದು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು.

ನಿಮ್ಮ ಸೀಟಿನಲ್ಲಿ ಚಳಿಯಾಗುತ್ತಿದ್ದರೆ ಮೇಜಿನ ಮೇಲೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟು ಒಂದು ವಾರ ಬರೆದುಕೊಳ್ಳಿ. ನಿರ್ವಹಣೆಯವರ ಬಳಿ ಹೋಗುವಾಗ ಫಾರ್ವರ್ಡ್ ಬದಲು ಆ ಚೀಟಿ ತೋರಿಸಿ. ಎ.ಸಿ. ಗಾಳಿಯ ದಿಕ್ಕು ಬದಲಿಸುವುದು ಐದು ನಿಮಿಷದ ಕೆಲಸ.