ಸುಡದ ಮಣ್ಣಿನ ಚರಿತ್ರೆ

ಪಂಚಭೂತಗಳಲ್ಲಿ ಪೃಥ್ವಿಯೊಡನೆ ಮನುಷ್ಯನಿಗಿರುವ ಬಳಕೆಯು ಅತಿ ಪ್ರಾಚೀನವಾದುದು. ಆದರೆ ಮಣ್ಣನ್ನು ಹದಮಾಡಿ ರೂಪಿಸಿ ಆರಿಸಿದ ಮಾತ್ರಕ್ಕೆ ಅದು ನೀರು ಹಿಡಿಯುವ ಮಡಕೆಯಾಗದು. ಆರಿದಾಗ ಹೋಗುವುದು ಕಲಸಿದ ನೀರು ಮಾತ್ರ. ಮಣ್ಣಿನ ಕಣದೊಳಗೆ ಬೆರೆತ ನೀರು ಸುಮಾರು ೫೦೦-೬೦೦ ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಬಿಟ್ಟುಹೋದ ಬಳಿಕವೇ ಅದು ಮರಳಿ ಕೆಸರಾಗದ ಸ್ಥಿತಿಯನ್ನು ಪಡೆಯುವುದು. ಬಿಸಿಲು ಈ ಕಾರ್ಯವನ್ನು ಮಾಡಲಾರದು. ಆದಕಾರಣವೇ ಕುಂಬಾರನಿಗೆ ಆವಿಗೆಯು ಬೇಕಾಯಿತು.

ತಿರುಮಕೂಡಲು ನರಸೀಪುರದಲ್ಲಿ ೧೯೬೦ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದವರು ಕೈಯಿಂದಲೇ ಮಾಡಿದ ಬೂದುಬಣ್ಣದ ಮಡಕೆಗಳು ದೊರೆತುವು. ಅವು ಬೆಂದವಾದುದರಿಂದ ಉಳಿದುವು. ಬೇಯದವು ಮಣ್ಣಿಗೆ ಮಣ್ಣಾಗಿ ಹೋಗುವುದರಿಂದ ಅಗೆಯುವವರ ಕೈಗೆ ಸಿಕ್ಕುವುದು ಅಪರೂಪ. ಅವುಗಳ ಚರಿತ್ರೆಯನ್ನು ನೆಲದೊಳಗಿಗಿಂತ ಗೃಹಸ್ಥರ ವಾಡಿಕೆಯಲ್ಲಿಯೇ ಅರಸಬೇಕು.

ಮೈಸೂರು ಸೀಮೆಯ ಒಕ್ಕಲು ಮಕ್ಕಳು ಧಾನ್ಯವನ್ನು ಕಾಪಾಡಿದ್ದು ಬಹುಮಟ್ಟಿಗೆ ಹಸಿಮಣ್ಣಿನಿಂದಲೇ. ಬಿದಿರು ದೆಬ್ಬೆಗಳಿಂದ ಹೆಣೆದ ಕಣಜಕ್ಕೆ ಮಣ್ಣು ಸಗಣಿಗಳನ್ನು ಕಲಸಿ ಮೆತ್ತುತ್ತಿದ್ದರು. ಗಟ್ಟಿನೆಲದಲ್ಲಿ ಕಿರಿದಾದ ಬಾಯಿಯನ್ನಿರಿಸಿ ತೋಡಿದ ಹಗೇವಿನಲ್ಲಿ ಹುಲ್ಲು ಹಾಸಿ ರಾಗಿಯನ್ನು ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಒಳಗಿನ ಪ್ರಾಣವಾಯುವು ತೀರಿಹೋಗಿ ಹುಳುಗಳು ಬದುಕಲಾರದೆ, ರಾಗಿಯು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಅದೇ ಕಾರಣದಿಂದ, ಬಾಯಿ ತೆರೆದೊಡನೆ ಆತುರದಿಂದ ಇಳಿದವರು ಉಸಿರುಕಟ್ಟಿ ಪ್ರಾಣ ಬಿಟ್ಟದ್ದೂ ಉಂಟು. ಒಂದು ವರ್ಷ ಮಳೆ ತಪ್ಪಿದರೆ ಹಗೇವು ಮನೆಯನ್ನು ಕಾಯುವುದು. ಮೇಲಿಂದ ಮೇಲೆ ತಪ್ಪಿದರೆ ಅದೂ ಬರಿದಾಗುವುದು. ಧಾತು ಈಶ್ವರ ಸಂವತ್ಸರಗಳ (೧೮೭೬-೭೮) ಮಹಾಕ್ಷಾಮದಿಂದ, ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಈ ಸಂಸ್ಥಾನದ ಜನಸಂಖ್ಯೆಯು ೧೮೮೧ರ ವೇಳೆಗೆ ಸುಮಾರು ೪೨ ಲಕ್ಷಕ್ಕೆ ಇಳಿಯಿತು.

ಅಡುಗೆಮನೆಯ ಒಲೆಯನ್ನೂ ಹೆಂಗಸರು ಹಸಿಮಣ್ಣಿನಿಂದಲೇ ಕಟ್ಟುತ್ತಿದ್ದರು. ಅದಕ್ಕೆ ಆವಿಗೆ ಬೇಡ. ನಿತ್ಯದ ಅಡುಗೆಯ ಬೆಂಕಿಯೇ ಅದನ್ನು ಗಟ್ಟಿಮಾಡುವುದು.

ನಗರದಲ್ಲಿ ಇಂದಿಗೂ ಉಳಿದಿರುವ ಸುಡದ ಮಣ್ಣಿನ ಕೆಲಸವೆಂದರೆ ಗೌರೀ ಗಣಪತಿಯ ವಿಗ್ರಹಗಳು. ಮೈಸೂರಿನ ಕುಂಬಾರಗೇರಿಯು ಇದಕ್ಕೆ ಹೆಸರಾದುದು. ಲಕ್ಷ್ಮೀಪುರಂ ಮೊದಲಾದ ಬಡಾವಣೆಗಳ ಮನೆಗಳಲ್ಲಿ ಭಾದ್ರಪದದ ತದಿಗೆ ಚೌತಿಗಳಂದು ಪೂಜೆಗೊಳ್ಳುವ ಮೃಣ್ಮೂರ್ತಿಯು ವಿಸರ್ಜನೆಯಲ್ಲಿ ಕರಗಬೇಕು. ನೀರಿನ ಕೊಡಕ್ಕೆ ಯಾವುದು ದೋಷವೋ ಅದೇ ಇಲ್ಲಿ ಗುಣ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಗಳು ಬೇಗ ಕರಗದೆ ಕೆರೆಗಳನ್ನು ಕೆಡಿಸಿದುದರಿಂದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರ ತನ್ನ ನಿಯಮಗಳಲ್ಲಿ ಅವನ್ನು ನಿಷೇಧಿಸಿ ಮಣ್ಣಿನ ಮೂರ್ತಿಗಳನ್ನು ಪ್ರೋತ್ಸಾಹಿಸಿತು.

ಹರಿಹರ ಮಹಾಕವಿಯು ಕುಂಬಾರ ಗುಂಡಯ್ಯನ ರಗಳೆಯಲ್ಲಿ, ಶರಣನು ನುಡಿಸಿದ ಗಡಿಗೆಯ ನಾದಕ್ಕೆ ಶಿವನೇ ಕುಣಿದನೆಂದು ವರ್ಣಿಸಿರುವನು. ಬೆಂದ ಗಡಿಗೆಗೆ ನಾದವುಂಟು, ಕಾವ್ಯದಲ್ಲಿ ಸ್ಥಾನವೂ ಉಂಟು. ಹಸಿಮಣ್ಣಿನ ಕಣಜ ಹಗೇವುಗಳಿಗೆ ಅಂತಹ ಸಾಕ್ಷಿಯು ವಿರಳ. ನೆಲದಲ್ಲಿ ಅವುಗಳ ಗುರುತೂ ಬಹುಕಾಲ ನಿಲ್ಲದು. ಅವನ್ನು ಕಟ್ಟಬಲ್ಲ ವೃದ್ಧರು ಹಳ್ಳಿಗಳಲ್ಲಿ ಇನ್ನೂ ಇರುವಾಗಲೇ, ಹದವನ್ನೂ ಕ್ರಮವನ್ನೂ ಕೇಳಿ ಬರೆದಿಡುವುದು ಕಾಯಕವನ್ನು ಗೌರವಿಸುವ ಸದ್ಭಕ್ತರೆಲ್ಲರ ಕರ್ತವ್ಯವಾಗಿರುವುದು.